ಹೊಳೆಗೆ ಹೋದ ಜೋಗುಳ

ಹಿಟ್ಟಿನ ಗಿರಣಿಯ ಬೆಲ್ಟು ಮೊದಲು ಒಂದೆರಡು ಸಲ ಕೆಮ್ಮಿದಂತೆ ಮಾಡಿ, ಆಮೇಲೆ ಪಟಪಟ ಎಂದು ಬಿಡದೆ ಹೊಡೆದುಕೊಳ್ಳತೊಡಗುತ್ತದೆ. ಅಗ್ರಹಾರದ ಆ ವಠಾರದಲ್ಲಿ ಗಿರಣಿಯ ಗೋಡೆಗೇ ಅಂಟಿದ ಮನೆ ಚೆಲುವಮ್ಮನದು. ಸದ್ದು ಶುರುವಾಯಿತೆಂದರೆ ಬೀಗ ಹಾಕಿ ಬನ್ನಿಮಂಟಪದ ಬಸ್ಸು ಹಿಡಿಯುವ ಹೊತ್ತು.

ಬನ್ನಿಮಂಟಪದಲ್ಲಿ ಅವಳು ಗುಡಿಸಿ ಒರೆಸುವುದು ಒಂದು ಇಸ್ಲಾಮಿ ಅಧ್ಯಯನ ಕೇಂದ್ರವನ್ನು. ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಕೊಳೆಯುತ್ತಿರುವ ಉರ್ದು, ಫಾರಸಿ, ಅರಬ್ಬಿ ಕೈಬರಹಗಳನ್ನು ತಂದು, ಫೋಟೋ ತೆಗೆದು, ಓದಿ, ಕನ್ನಡದಲ್ಲಿ ಪುಸ್ತಕ ಮಾಡುವುದು ಅಲ್ಲಿನವರ ಕೆಲಸ. ಸೇರಿದ ಹೊಸದರಲ್ಲಿ ಅವಳು ಒಂದು ಹರಕು ಹಾಳೆಯನ್ನು ಕಸದ ಬುಟ್ಟಿಗೆ ಹಾಕಿದ್ದಳು. ಆಗಿದ್ದ ಮುದುಕ ಗ್ರಂಥಪಾಲಕರು ಬೈಯಲಿಲ್ಲ. ಬಗ್ಗಿ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಬಾಗಿಲ ಪಕ್ಕದ ಹಸಿರು ಡಬ್ಬಕ್ಕೆ ಹಾಕಿದರು. ದೇವರ ಮಾತಿರುವ ಹಾಳೆ ಕಾಲಿಗೆ ಸಿಗಬಾರದು, ಡಬ್ಬ ತುಂಬಿದಾಗ ಮಸೀದಿಯವರು ಒಯ್ದು ಹೊಳೆಗೆ ಬಿಡುತ್ತಾರೆ ಎಂದರು. ಅಂದಿನಿಂದ ಚೆಲುವಮ್ಮ ತಪ್ಪಲಿಲ್ಲ. ಓದಲು ಬಾರದ ಅವಳಿಗೆ ಬಳ್ಳಿಯಂತೆ ಹಬ್ಬಿದ ಆ ಬರಹವೆಲ್ಲ ದೇವರದೇ ಆಗಿತ್ತು.

ಆ ಶನಿವಾರ ಅವಳು ಹೋದಾಗ ಸಂಶೋಧಕಿ ನಿಖತ್ ಮೊಣಕಾಲೂರಿ ಬೀರುವಿನ ಕೆಳಗೆ ಕೈಯಾಡಿಸುತ್ತಿದ್ದಳು.

"ಚೆಲುವಕ್ಕ, ಕಿಟಕಿ ಹತ್ರ ಬಟ್ಟೆ ಮೇಲೆ ಹಾಳೆ ಹರಡಿದ್ದೆ. ನೋಡಿದ್ರಾ?"

"ಗುರುವಾರ ಸಾಯಂಕಾಲ ಗಾಳಿಗೆ ಎಲ್ಲಾ ಕೆಳಗೆ ಬಿದ್ದಿದ್ವು ಕಣಮ್ಮ. ಹುಳ ತಿಂದು ಚೂರಾಗಿದ್ವಲ್ಲ. ಯಾರಾರ ತುಳಿದಾರು ಅಂತ ಡಬ್ಬಕ್ಕೆ ಹಾಕ್ದೆ."

ನಿಖತ್ ಎದ್ದು ಹೋಗಿ ಡಬ್ಬದ ಮುಚ್ಚಳ ತೆಗೆದಳು. ಖಾಲಿಯಿತ್ತು. ನಿನ್ನೆ ಶುಕ್ರವಾರದ ನಮಾಜಿನ ನಂತರ ಮಸೀದಿಯ ದಸ್ತಗೀರ್ ಸಾಬರು ಒಯ್ದಿದ್ದರು. ನಿಖತ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ದೇವರದ್ದಲ್ವಾ ಅದು?" ಚೆಲುವಮ್ಮ ಕೇಳಿದಳು.

"ಅಲ್ಲ ಅಕ್ಕ. ಜೋಗುಳ. ಕನ್ನಡ ಜೋಗುಳ."

ಹಾಳೆಗಳನ್ನು ತಂದುಕೊಟ್ಟಿದ್ದ ಖಮರುನ್ನೀಸಾ ಎಂಬ ಮುದುಕಿಯ ಅಜ್ಜಿ ಹುಣಸೂರಿನ ಕಡೆಯವಳಂತೆ. ನೆರೆಹೊರೆಯ ಹೆಂಗಸರಿಂದ ಕಲಿತ ಹಾಡುಗಳನ್ನು ತನಗೆ ಬರುತ್ತಿದ್ದ ಒಂದೇ ಲಿಪಿಯಲ್ಲಿ, ಉರ್ದುವಿನಲ್ಲಿ, ಬರೆದಿಟ್ಟಿದ್ದಳಂತೆ. ಬೇರೆ ಪ್ರತಿ ಇಲ್ಲ. ತೇವ ಆರಲಿ, ಆಮೇಲೆ ಫೋಟೋ ತೆಗೆಯೋಣ ಎಂದು ನಿಖತ್ ಹರಡಿದ್ದಳು. ಕಣ್ಣಿಗೆ ಪೊರೆ ಬಂದ ಖಮರುನ್ನೀಸಾ ಅವನ್ನು ಓದಿಸಿ ಕೇಳಲು ಇವತ್ತೇ ಸಾಯಂಕಾಲ ಬರುವವಳಿದ್ದಳು.

ಚೆಲುವಮ್ಮ ಪೊರಕೆಯನ್ನು ಎಲ್ಲಿ ಇಟ್ಟಳೋ, ಮಸೀದಿಗೆ ಓಡಿದಳು. ದಸ್ತಗೀರ್ ಸಾಬರು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಹೌಜಿನ ಪಾಚಿ ತಿಕ್ಕುತ್ತಿದ್ದರು.

"ನಿನ್ನೇನೇ ಠಂಡಾ ಮಾಡ್ಬುಟ್ಟೆನಲ್ಲಮ್ಮ. ಪಟ್ಟಣದ ಹೊಳೇಲಿ, ಚೀಲಕ್ಕೆ ಕಲ್ಲು ಕಟ್ಟಿ ಮುಳುಗಿಸ್ಬುಟ್ಟೆ."

"ಜಾಗ ತೋರಿಸಿ."

"ಹೊಳೆ ಏನು ಗೋಡೌನಾ, ಇಟ್ಟಿದ್ದು ಅಲ್ಲೇ ಇರೋಕೆ?" ಎಂದವರು ಅವಳ ಮುಖ ನೋಡಿ ಬ್ರಷ್ಷು ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ಶ್ರೀರಂಗಪಟ್ಟಣದಲ್ಲಿ ಹೊಳೆ ಕೆಂಪಾಗಿ, ತುಂಬಿ ಹರಿಯುತ್ತಿತ್ತು. ಕಟ್ಟೆಯಿಂದ ನೀರು ಬಿಟ್ಟಿದ್ದರು. ಕೈಯಲ್ಲಿ ಅರೆದ ಮಸಿ, ನೀರು ಸೋಕಿದರೆ ಉಳಿಯುವುದಿಲ್ಲ ಎಂದು ನಿಖತ್ ಹೇಳಿಯೇ ಕಳಿಸಿದ್ದಳು. ಚೆಲುವಮ್ಮ ಅದನ್ನು ಕೇಳಿಸಿಕೊಂಡೂ ಇದ್ದಳು. ಆದರೂ ಸಾಬರು ಬೆರಳು ತೋರಿಸಿದ ಕಡೆ ಸೀರೆ ಎತ್ತಿಕಟ್ಟಿ ಇಳಿದಳು. ಮೊಣಕಾಲು, ಸೊಂಟ. ಕಾಲಿಗೆ ಕಲ್ಲು ಸಿಕ್ಕಿದಾಗಲೆಲ್ಲ ಬಗ್ಗಿ ತಡಕಿದಳು. ಒಮ್ಮೆ ಕೈಗೆ ಚೀಲದ ಅಂಚು ಸಿಕ್ಕಿತು. ಎಳೆದರೆ ಯಾರೋ ಎಸೆದ ಸಿಮೆಂಟಿನ ಚೀಲ, ಒಳಗೆ ಬರೀ ಮರಳು. ಅದನ್ನೂ ದಡಕ್ಕೆ ತಂದು ಸುರಿದು, ಬೆರಳಿನಿಂದ ಕೆದಕಿ ನೋಡಿ, ಮತ್ತೆ ಇಳಿದಳು.

"ಈಚೆ ಬಾ ತಂಗ್ಯವ್ವ," ದಸ್ತಗೀರ್ ಸಾಬರು ಕೂಗಿದರು. "ನಿನ್ನೂ ಠಂಡಾ ಮಾಡಿ ಹೋಗೋಕೆ ನಾನು ಬಂದಿಲ್ಲ."

ಸೆಳೆತಕ್ಕೆ ಒಂದು ಕಾಲು ನೆಲ ಬಿಟ್ಟಿತು. ಅವರು ತಾವೂ ಇಳಿದು ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಒದ್ದೆ ಬಟ್ಟೆಯಲ್ಲೇ ಇಬ್ಬರೂ ಬಸ್ಸು ಹತ್ತಿ ವಾಪಸ್ಸು ಬಂದರು.

ಕೇಂದ್ರದಲ್ಲಿ ಯಾರಾದರೂ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ. "ಬೀಗದೊಳಗೆ ಇಡದಿದ್ದಿದ್ದು ನನ್ನ ತಪ್ಪು ಅಂತ ಹೇಳ್ತೀನಿ, ನೀವು ಮನೆಗೆ ಹೋಗಿ," ಎಂದಳು ನಿಖತ್. ಚೆಲುವಮ್ಮ ಹೋಗಲಿಲ್ಲ.

ಖಮರುನ್ನೀಸಾ ಆಟೋದಿಂದ ಇಳಿದು, ಗೋಡೆ ಹಿಡಿದುಕೊಂಡು ಬಂದು, ಸೆರಗು ಸರಿಮಾಡಿಕೊಂಡು ಕೂತಳು. "ಓದು ಬೇಟಿ," ಎಂದಳು. ನಿಖತ್ ಬಾಯಿ ತೆರೆಯುವ ಮೊದಲೇ ಚೆಲುವಮ್ಮ ಮುಂದೆ ಬಂದು ಮುದುಕಿಯ ಕಾಲ ಬಳಿ ಕೂತಳು. ಸೀರೆ ಇನ್ನೂ ಆರಿರಲಿಲ್ಲ. ಗಾಳಿ, ಡಬ್ಬ, ಹೊಳೆ, ಎಲ್ಲವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ, ಅಳಲೂ ಇಲ್ಲ.

ಮುದುಕಿ ತನ್ನಷ್ಟಕ್ಕೆ ತಾನೇ, ಸಣ್ಣ ದನಿಯಲ್ಲಿ,

"ತೊಟ್ಟಿಲ ಕೆಳಗೆ ಬೆಳಕು ಬಿದ್ದೈತೆ..."

ಎಂದು ಎಳೆದು ನಿಲ್ಲಿಸಿದಳು. ಮತ್ತೆ ಮೊದಲಿಂದ ಎತ್ತಿಕೊಂಡು ಅಲ್ಲಿಗೇ ಬಂದು ನಿಂತಳು.

"ಮುಂದೆ ಬರ್ತಾ ಇಲ್ಲ. ಹಾಳೆ ಇದೆಯಲ್ಲ ಅಂತ ನೆನಪಿಟ್ಕೊಳ್ಳಲೇ ಇಲ್ಲ ನಾನು," ಎಂದಳು. ಪೊರೆಗಣ್ಣು ಚೆಲುವಮ್ಮನ ಕಡೆ ತಿರುಗಿತು. "ನೀನು ಕನ್ನಡದೋಳಲ್ವಾ. ಹೆತ್ತಿರ್ತೀಯ, ತೂಗಿರ್ತೀಯ. ನಿಂಗೆ ಗೊತ್ತಿರುತ್ತೆ. ಮುಂದಕ್ಕೆ ಏನು, ಹೇಳು."

ಚೆಲುವಮ್ಮ ಆ ಹಾಡನ್ನು ಎಂದೂ ಕೇಳಿರಲಿಲ್ಲ. ಮುದುಕಿ ಕಿವಿಯನ್ನು ಅವಳತ್ತ ಚಾಚಿ ಕಾಯುತ್ತಿದ್ದಳು. ಚೆಲುವಮ್ಮ ಗೋಡೆಗೆ ಕೈಯೂರಿ ಎದ್ದಳು.

"ಅಮ್ಮ, ನಂಗೆ ಬಂದಿದ್ರೆ ನಾನು ಇಷ್ಟೊತ್ತಿಗೆ ಹಾಡ್ತಿರ್ಲಿಲ್ವಾ..." ಎಂದವಳು ಮೆಟ್ಟಿಲಿಳಿದು, ನಿಖತ್ ಕರೆಯುತ್ತಿದ್ದರೂ ತಿರುಗದೆ, ಗೇಟು ದಾಟಿ, ರಸ್ತೆಯ ಜನರ ನಡುವೆ ಸೇರಿಹೋದಳು.