ಪಕ್ಕದ ಮನೆಯ ತೊಗಟೆ ದೋಣಿ

ಅಡಿಲೇಡ್‌ನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಕೆನಡಾದವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಆ ಮನೆ ಬಿಟ್ಟಿರಲಿಲ್ಲ. ಕೊನೆಗೆ ಮಂಡಿನೋವು ಜಾಸ್ತಿಯಾಗಿ, ಕಡಲತೀರದ ಗ್ಲೆನೆಲ್ಗ್‌ನಲ್ಲಿ ಲಿಫ್ಟ್ ಇರುವ ಅಪಾರ್ಟ್‌ಮೆಂಟ್‌ಗೆ ಹೊರಟರು. ಹಿತ್ತಿಲಿನ ಶೆಡ್ ಖಾಲಿ ಮಾಡಿಕೊಡಲು ನಾವು ಹೋದೆವು.

ಪರ್ತ್ ಕಡೆಯ ಗಣಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಆ ವಾರ ರಜೆಗೆ ಮನೆಗೆ ಬಂದಿದ್ದರು. ಏಣಿ ಹತ್ತಿ, ತಗಡಿನ ಸೂರಿನಡಿ ತೊಲೆಗಳ ಮೇಲಿದ್ದ ಟಾರ್ಪಾಲಿನ್ ಎತ್ತಿದವರೇ ಕೂಗಿದರು.

"ಲೇ, ಬೇಗ ಬಾರೇ! ಇಲ್ಲೊಂದು ದೋಣಿ ಇದೆ ಕಣೇ!"

ಎದುರುಮನೆಯವರನ್ನೂ ಕರೆದು ಮೆಲ್ಲಗೆ ಇಳಿಸಿದೆವು. ಕಂದು ಬಣ್ಣದ ತೆಳು ದೋಣಿ. ಒಂದೇ ಒಂದು ಮೊಳೆಯಿಲ್ಲ. ಬರ್ಚ್ ಮರದ ತೊಗಟೆಯ ಹಾಳೆಗಳನ್ನು ಯಾವುದೋ ಬೇರಿನಿಂದ ಹೊಲಿದು, ಸಂದುಗಳಿಗೆ ಅಂಟು ಮೆತ್ತಿದ್ದರು.

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಾರಿಬಿಟ್ಟೆ ಅಂದಿದ್ದ, ಸುಳ್ಳುಗಾರ!"

ದೋಣಿ ಅಜ್ಜಿಯ ಗಂಡನ ತಾತನದಂತೆ. ಕೆನಡಾದ ಒಂದು ಸರೋವರದ ಬಳಿಯ ಮೂಲನಿವಾಸಿಗಳು ಕಟ್ಟಿಕೊಟ್ಟದ್ದು. ಗಂಡ ಅದನ್ನು ಹಡಗಿನಲ್ಲಿ ಜೊತೆಗೇ ತಂದಿದ್ದರು. ಕಾರು ಕೊಂಡಾಗ ಶೆಡ್‌ನಲ್ಲಿ ಜಾಗ ಸಾಲದೆ, ಕಾರು ಬೇಕೋ ದೋಣಿ ಬೇಕೋ ಎಂದು ಅಜ್ಜಿ ಪಟ್ಟು ಹಿಡಿದಿದ್ದರು. ದೋಣಿ ಮಾಯವಾಯಿತು. ಅಷ್ಟು ವರ್ಷ ಕಾರಿನ ನೆತ್ತಿಯ ಮೇಲೇ ಇದ್ದದ್ದನ್ನು ಅಜ್ಜಿ ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ತೊಗಟೆ ಒಣಗಿ ಅಲ್ಲಲ್ಲಿ ಬಿರಿದಿತ್ತು. "ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ್ರೆ ಸರಿಹೋಗುತ್ತೆ," ಅಂದರು ನನ್ನ ಗಂಡ.

"ನಿಮ್ಮ ತಲೆಗೆ ಸವರ್ಕೊಳ್ಳಿ. ಇದನ್ನ ಮುಟ್ಟಬೇಡಿ," ಅಂದು ನಾನು ಮ್ಯೂಸಿಯಂಗೆ ಫೋನ್ ಮಾಡಿದೆ.

ಹಳೆಯ ವಸ್ತುಗಳನ್ನು ಕಾಪಾಡುವ ಕೆಲಸದ ಹೆಂಗಸೊಬ್ಬರು ಬಂದು ದೋಣಿಯ ಪಕ್ಕ ಮಂಡಿಯೂರಿ ಕೂತರು. ಎಣ್ಣೆ ಬೇಡ, ನೀರು ಬೇಡ, ಬಿಸಿಲು ತಾಕಲೇಬಾರದು, ಗಾಳಿಯಲ್ಲಿ ತುಸು ತೇವ ಸದಾ ಇರಬೇಕು ಎಂದರು. ಮ್ಯೂಸಿಯಂನಲ್ಲಿ ಜಾಗವಾಗುವತನಕ ಎಲ್ಲಿಡುವುದು? ನೀರಿನಿಂದ ತಂಪು ಮಾಡುವ ಹಳೇ ಕೂಲರ್ ಇದ್ದ ನಮ್ಮ ಹಾಲ್ ಅವರಿಗೆ ಬಹಳ ಹಿಡಿಸಿತು. ಸೋಫಾ ವರಾಂಡಕ್ಕೆ ಹೋಯಿತು, ದೋಣಿ ಫೋಮಿನ ತೊಟ್ಟಿಲಲ್ಲಿ ಒಳಗೆ ಬಂತು.

"ಅಮ್ಮಾ, ಸೀರಿಯಸ್ಲಿ?" ಅಂದಳು ಮಗಳು.

ಆ ಬೇಸಿಗೆಯಿಡೀ ಹಾಗೇ. ಇಲ್ಲಿ ಬೇಸಿಗೆಯಲ್ಲೇ ಬರುವ ಸಂಕ್ರಾಂತಿಗೆ ಮನೆಗೆ ಬಂದವರು ದೋಣಿಯ ಸುತ್ತ ಚಾಪೆಯ ಮೇಲೆ ಕೂತು ಎಳ್ಳು ಬೆಲ್ಲ ತಿಂದರು. ವಾರಕ್ಕೊಮ್ಮೆ ಅಜ್ಜಿ ಗ್ಲೆನೆಲ್ಗ್‌ನಿಂದ ಟ್ರಾಮ್ ಹಿಡಿದು ಬರುತ್ತಿದ್ದರು. ಮ್ಯೂಸಿಯಂನವರು ಕೊಟ್ಟ ಮೆತ್ತನೆಯ ಬ್ರಷ್‌ನಿಂದ ಇಬ್ಬರೂ ಧೂಳು ತೆಗೆಯುತ್ತ, ನಮ್ಮ ನಮ್ಮ ಗಂಡಂದಿರನ್ನು ಆಡಿಕೊಳ್ಳುತ್ತಿದ್ದೆವು. ಒಂದು ದಿನ ದೋಣಿಯ ಮೂತಿಯ ಬಳಿ ಧೂಳಿನಡಿ ಗೀರು ಕಾಣಿಸಿತು. ತೊಗಟೆ ಹೆರೆದು ಬಿಡಿಸಿದ ಮೀನು! ನನಗಂತೂ ಉಸಿರು ಜೋರಾಗಿ ಬಿಡಲೂ ಭಯವಾಯಿತು.

ಆ ಮೀನಿನ ಫೋಟೊ ಮ್ಯೂಸಿಯಂ ಮೂಲಕ ಸರೋವರದ ಜನರಿಗೆ ತಲುಪಿತು. ಇದು ನಮ್ಮವರ ಕೈಕೆಲಸವೇ, ದೋಣಿಯ ಪಕ್ಕ ನಮ್ಮ ಜನರ ಹೆಸರು ಬರೆಯಬೇಕು ಎಂದು ಅವರು ಹೇಳಿಕಳಿಸಿದರು. ಹಾಗೇ ಬರೆದು, ಈಗ ಮ್ಯೂಸಿಯಂನ ಗಾಜಿನ ಕೋಣೆಯಲ್ಲಿ ಇಟ್ಟಿದ್ದಾರೆ.

ಅದನ್ನು ನೋಡಿ ಹೊರಬಂದಾಗ ಅಜ್ಜಿ, "ನೀರಿಗೆ ಇಳಿದು ಎಷ್ಟು ವರ್ಷ ಆಯ್ತು," ಎಂದರು. ಮುಂದಿನ ಭಾನುವಾರವೇ ಗ್ಲೆನೆಲ್ಗ್‌ನಲ್ಲಿ ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿ ಬಾಡಿಗೆಗೆ ಹಿಡಿದೆವು. ನನಗೆ ಈಜು ಬರದು. ಲೈಫ್ ಜಾಕೆಟ್ ಬಿಗಿದುಕೊಂಡು, ಹಿಂದೆ ಕೂತು, ಅಜ್ಜಿ ಬಲ ಅಂದರೆ ಬಲ, ಎಡ ಅಂದರೆ ಎಡ ಹುಟ್ಟು ಹಾಕಿದೆ. ಒಂದೇ ಕಡೆ ಗಿರಗಿರ ಸುತ್ತಿದೆವು. ದಡದಲ್ಲಿ ನಿಂತು ನನ್ನ ಗಂಡ ವಿಡಿಯೊ ಮಾಡಿದರು.