ಮಹಾನಂದಳ ಎಡಗೈ ಬಿಚ್ಚಿಸಿದ ತಿಮ್ಮಕ್ಕ

ಬೆಳಗಿನ ಏಳು ಗಂಟೆಗೆ ಇನ್ನೂ ಅರ್ಧ ತಾಸಿದೆ. ಕಾಟನ್‌ಪೇಟೆಯ ಅಂಗಡಿಗಳು ಬಾಗಿಲು ತೆಗೆದಿಲ್ಲ. ತಿಮ್ಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜವಳಿ ವರ್ತಕ ಪಂಚಾಕ್ಷರಯ್ಯನವರ ಜಗಲಿಯ ಮುಂದೆ ನಿಂತು ಕೂಗುತ್ತಾಳೆ: "ಮಹಾನಂದಾ, ಬಾರೇ! ನಿನ್ನ ರೈಲು ಬಂತು!" ಐದು ವರ್ಷದ ಹುಡುಗಿ ಸ್ಲೇಟು ಹಿಡಿದು ಓಡಿಬರುತ್ತಾಳೆ. ತಿಮ್ಮಕ್ಕನ ಕಣ್ಣು ಮೊದಲು ಹೋಗುವುದು ಅವಳ ಎಡ ಮಣಿಕಟ್ಟಿನ ಕಡೆಗೆ. ಕೆಂಪು ಗೆರೆ ಇಲ್ಲ. ಸಮಾಧಾನವಾಗಿ ಕೈ ಹಿಡಿದುಕೊಳ್ಳುತ್ತಾಳೆ.

ಚಾಮರಾಜಪೇಟೆಯ ಶಿಶುವಿಹಾರವೊಂದಕ್ಕೆ ಮಕ್ಕಳನ್ನು ಕರೆತಂದು, ಮಧ್ಯಾಹ್ನ ಮತ್ತೆ ಮನೆ ಮುಟ್ಟಿಸುವುದು ತಿಮ್ಮಕ್ಕನ ಕೆಲಸ. ಹನ್ನೊಂದು ಮನೆ, ಹನ್ನೊಂದು ಮಕ್ಕಳು, ದಿನಕ್ಕೆ ನಾಲ್ಕು ಮೈಲಿ ನಡಿಗೆ. ಒಬ್ಬರ ಬೆನ್ನಿನ ಅಂಗಿ ಇನ್ನೊಬ್ಬರು ಹಿಡಿದು ರೈಲಿನಂತೆ ಸಾಗುತ್ತಾರೆ. ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಅಳುವವರನ್ನು ಎತ್ತಿಕೊಳ್ಳುವುದು ಎಲ್ಲ ಅವಳದೇ. ಯುದ್ಧದ ಕಾಲದಿಂದ ಈ ೧೯೫೪ರವರೆಗೆ ಹದಿನಾಲ್ಕು ವರ್ಷ ಹೀಗೇ ಕಳೆದಿದೆ.

ಆ ರೈಲಿನಲ್ಲಿ ಮಹಾನಂದ ಉಳಿಯುವಳೋ ಇಲ್ಲವೋ, ಇಂದು ತೀರ್ಮಾನ. ಜೂನ್‌ನಲ್ಲಿ ಸೇರಿದಾಗಿನಿಂದ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಬರೆಯಲು ಕೂರಿಸಿದರೆ ಪಕ್ಕದವರನ್ನು ಕಚ್ಚುತ್ತಿದ್ದಳು. ದಸರೆಗೆ ಮುಂಚೆ ಟೀಚರ್ ಅಂಬುಜಮ್ಮ ಹೇಳಿಬಿಟ್ಟರು: "ದೀಪಾವಳಿವರೆಗೆ ನೋಡ್ತೀನಿ. ಆಮೇಲೂ ಇದೇ ಆದ್ರೆ ಅವಳನ್ನ ಕರ್ಕೊಂಡ್ ಬರ್ಬೇಡ." ಹಬ್ಬ ನಿನ್ನೆಗೆ ಮುಗಿದಿದೆ.

"ಮರಳಲ್ಲಿ ಆಡೋವಾಗ ಎಡಗೈಲಿ ಕೋಳಿ ಬರ್ದು ನಗ್ತಾಳೆ. ಸ್ಲೇಟು ಕಂಡ್ರೆ ಮಾತ್ರ ಕಚ್ತಾಳೆ. ಯಾಕೆ ಅಂತ ಹುಡ್ಕೋದು ನಾನು ಬಿಡ್ಲಿಲ್ಲ" ಎನ್ನುತ್ತಾಳೆ ತಿಮ್ಮಕ್ಕ. ಒಂದು ದಿನ ಕೈ ತೊಳೆಸುವಾಗ ಎಡ ಮಣಿಕಟ್ಟಿನ ಮೇಲೆ ಕೆಂಪು ಗೆರೆ ಕಂಡಿತು. ಕೇಳಿದ್ದಕ್ಕೆ ತಾಯಿ ಶಿವಕುಮಾರಿ ತಲೆ ತಗ್ಗಿಸಿ ಒಪ್ಪಿಕೊಂಡಳು. ಮಗು ಎಲ್ಲಕ್ಕೂ ಎಡಗೈ ಮುಂದೆ ಮಾಡುತ್ತದೆಂದು, ಊಟಕ್ಕೂ ಬರಹಕ್ಕೂ ಕೂತಾಗ ಆ ಕೈಯನ್ನು ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟುತ್ತಿದ್ದರು. "ಅವಳ ಒಳ್ಳೇದಕ್ಕೇ ತಿಮ್ಮಕ್ಕಾ. ನಾಳೆ ಅತ್ತೆ ಮನೇಲಿ ಏನಂತಾರೆ?"

ತಿಮ್ಮಕ್ಕನಿಗೆ ತನ್ನ ಮಗ ನೆನಪಾದ. ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೇಳಿದ ಮಾತು ಕೇಳುವುದಿಲ್ಲವೆಂದು ಮನೆಯಲ್ಲಿ ಅವಳು ಹೊಡೆದಳು, ಶಾಲೆಯಲ್ಲಿ ಮೇಷ್ಟರು ಹೊಡೆದರು. ನಿಜ ತಿಳಿಯುವ ಹೊತ್ತಿಗೆ ಅವನು ಶಾಲೆ ಬಿಟ್ಟಾಗಿತ್ತು. ಈಗ ಕಲಾಸಿಪಾಳ್ಯದಲ್ಲಿ ಮೂಟೆ ಹೊರುತ್ತಾನೆ. ಆ ದಿನಗಳನ್ನು ದೇವರೂ ಹಿಂದಕ್ಕೆ ಕೊಡಲಾರ.

ಶಿವಕುಮಾರಿ ಒಪ್ಪಿಕೊಂಡ ಮರುದಿನ ಬೆಳಗ್ಗೆ, ಮಗುವಿನ ತಂದೆ ಪಂಚಾಕ್ಷರಯ್ಯನವರ ಪೂಜೆ ಮುಗಿಯುವವರೆಗೂ ತಿಮ್ಮಕ್ಕ ಜಗಲಿ ಬಿಟ್ಟು ಏಳಲಿಲ್ಲ. ವಿಭೂತಿ ಧರಿಸಿ ಅವರು ಹೊರಗೆ ಬಂದರು.

"ಮಗೂ ಕೈ ಕಟ್ಬೇಡಿ ಯಜಮಾನ್ರೆ."

"ಆಯಾ ಕೆಲ್ಸದೋಳು ನನಗೇ ಪಾಠ ಹೇಳೋಕ್ ಬಂದ್ಯಾ? ಎಡಗೈ ಅನಿಷ್ಟ ಕಣಮ್ಮ."

"ಪಾಠ ಅಲ್ಲ, ಒಂದ್ ಮಾತು ಕೇಳ್ತೀನಿ. ಈಗ ತಾನೆ ಪೂಜೆ ಮಾಡಿದ್ರಲ್ಲ, ಲಿಂಗಪ್ಪನ್ನ ಯಾವ ಅಂಗೈ ಮೇಲೆ ಕೂರಿಸ್ಕೊಂಡಿದ್ರಿ?"

ಪಂಚಾಕ್ಷರಯ್ಯನವರು ತಮ್ಮ ಎಡ ಅಂಗೈಯನ್ನು ನೋಡಿಕೊಂಡರು. ದಿನವೂ ಇಷ್ಟಲಿಂಗದಲ್ಲಿ ಶಿವನನ್ನು ಹೊರುವ ಅಂಗೈ. ಒಳಗೆ ಹೋಗಿ, ಮಗಳ ಸೊಂಟದ ಪಟ್ಟಿಯನ್ನು ತಾವೇ ಬಿಚ್ಚಿದರು.

ತಿಮ್ಮಕ್ಕ ಅಷ್ಟಕ್ಕೇ ಬಿಡಲಿಲ್ಲ. ಊಟ ಬಲಗೈಯಲ್ಲಿ, ಬರಹ ಎಡಗೈಯಲ್ಲಿ ಎಂದು ಮನೆಯವರನ್ನೂ ಟೀಚರನ್ನೂ ಒಪ್ಪಿಸಿದಳು. ಸಂಜೆ ತಾಯಿ ತಟ್ಟೆಯಲ್ಲಿ ಅಕ್ಕಿ ಹರವಿ, ಅಕ್ಷರ ತಿದ್ದಿಸುತ್ತಾ ಮಗಳ ಜೊತೆ ಕೂರಬೇಕು, ತಪ್ಪಿದರೂ ಗದರಬಾರದು. ದಸರೆ ರಜೆಯಲ್ಲೂ ಬಂದು ಕೇಳುತ್ತಿದ್ದಳು: "ನಿನ್ನೆ ಕೂತ್ಕೊಂಡ್ರಾ ಅಮ್ಮಾ?"

ಇಂದು ತರಗತಿಯಲ್ಲಿ ಮಹಾನಂದ ಎಡಗೈಯಲ್ಲಿ ಬಳಪ ಹಿಡಿದು ದೊಡ್ಡದೊಂದು 'ಅ' ಬರೆಯುತ್ತಾಳೆ. ಪಕ್ಕದ ಗೋದಾ ನೋಡುವ ಆಸೆಗೆ ಸ್ಲೇಟನ್ನೇ ಕಿತ್ತುಕೊಳ್ಳುತ್ತಾಳೆ. ಅಂಬುಜಮ್ಮ ಕುರ್ಚಿಯಿಂದ ಎದ್ದೇಬಿಡುತ್ತಾರೆ. ಬಾಗಿಲಲ್ಲಿ ನಿಂತ ತಿಮ್ಮಕ್ಕ ಒಂದು ಹೆಜ್ಜೆ ಒಳಗಿಡುತ್ತಾಳೆ. ಮಹಾನಂದ ಬಾಯಿ ತೆರೆಯುತ್ತಾಳೆ.

"ಕೊಡೇ ಗೂಬೆ! ಅದು ನಂದು!"

ತರಗತಿಯಲ್ಲಿ ಅವಳ ಮೊದಲ ಮಾತು. ಅಂಬುಜಮ್ಮ ನಗು ತಡೆಯಲಾರರು. "ಇನ್ಮೇಲೆ ಇವಳ ಬಾಯಿ ಮುಚ್ಸೋದ್ ಹೇಗೆ, ಅದನ್ನೂ ನೀನೇ ಹೇಳು ತಿಮ್ಮಕ್ಕ. ನಾಳೆ ಬೇಗ ಕರ್ಕೊಂಡ್ ಬಾ."

ಮಧ್ಯಾಹ್ನ ರೈಲು ಮನೆಯತ್ತ ಹೊರಡುತ್ತದೆ. ಏನು ಬೇಕು ನಿನಗೆ ಎಂದರೆ ತಿಮ್ಮಕ್ಕ ಕಾಲು ನಿಲ್ಲಿಸದೆ ಹೇಳುತ್ತಾಳೆ: "ಕಾಲಲ್ಲಿ ಶಕ್ತಿ ಇರ್ಲಿ. ಮಕ್ಕಳು ಚಿಕ್ಕೋರಿದ್ದಾಗ್ಲೇ ನನ್ನ ಕೈಗೆ ಸಿಗ್ಲಿ. ನನ್ನ ಮಗನ ಕಿವಿ ವಿಷ್ಯ ನಂಗೆ ತಿಳಿಯೋ ಹೊತ್ಗೆ ಅವನಿಗೆ ಹನ್ನೆರಡಾಗ್ಬಿಟ್ಟಿತ್ತು."

ರಸ್ತೆ ದಾಟುವ ಮುನ್ನ ಹಿಂದಿರುಗಿ ಒಂದೊಂದೇ ತಲೆ ಮುಟ್ಟಿ ಎಣಿಸುತ್ತಾಳೆ. ಹನ್ನೊಂದೂ ಇವೆ.