ಅವ್ವನ ಆಕಳು ಮತ್ತು ಗೋಡೆಯೊಳಗಿನ ಉಣ್ಣಿ

ನಮ್ಮ ಮನೆತನಕ್ಕೆ ಡಿಗ್ರಿ ಬರುವುದು ಆಗದ ಮಾತು ಎಂದವನು ನನ್ನ ದೊಡ್ಡಪ್ಪ. “ಕುರಿ ಕಾಯೂ ಮನ್ಯಾಗಿನ ಹುಡುಗಿ ಬಿ.ಎಸ್ಸಿ. ಮುಗಸಿದ್ರ ನಾ ಮೀಸಿ ಬೋಳಸ್ತೀನಿ” ಎಂದು ಅಥಣಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿದ್ದ. ಮುಗಿಸಿದೆ. ಅವನ ಮೀಸೆ ಇನ್ನೂ ಇದೆ, ಇರಲಿ. ಪ್ರಾಣಿಶಾಸ್ತ್ರ ಓದಿದ, ನಮ್ಮ ವಂಶದ ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎರಡನೆಯ ವರ್ಷದಲ್ಲಿ ಜೇಡ, ಚೇಳು, ಉಣ್ಣಿ, ನುಸಿಗಳ ಪಾಠ ಬಂತು. ಎಲ್ಲ ಒಂದೇ ಬಳಗ. ಎಂಟು ಕಾಲು, ಕೀಟಗಳಿಗಿರುವ ಕುಡಿಮೀಸೆ, ರೆಕ್ಕೆ ಇವಕ್ಕಿಲ್ಲ. ಉಣ್ಣಿಯ ಮರಿಗೆ ಮಾತ್ರ ಮೊದಲು ಆರೇ ಕಾಲು. ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟಾಗುತ್ತವೆ. ಅದು ದನದ ಉಸಿರನ್ನು ಮುಂಗಾಲಿನಿಂದಲೇ ಮೂಸುತ್ತದೆ. ಹೊಟ್ಟೆ ತುಂಬಿದ ಹೆಣ್ಣು ತಾನಾಗಿ ಉದುರಿ, ಬಿರುಕು ಹುಡುಕಿ, ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಇದನ್ನು ಓದುವಾಗ ನನಗೆ ನಮ್ಮ ಕೊಟ್ಟಿಗೆಯೇ ಕಣ್ಮುಂದೆ ಬಂತು.

ಅವ್ವನಿಗೆ ಇದ್ದದ್ದು ಒಂದೇ ಜರ್ಸಿ ಆಕಳು. ಮದುವೆಯಾದ ಮೇಲೆ ತನ್ನದು ಅಂತ ಅವಳು ಕಟ್ಟಿಕೊಂಡದ್ದೂ ಅದೊಂದೇ. ಮಧ್ಯಾಹ್ನ ಕೂತು ಅದರ ಕಿವಿ, ಕೆಚ್ಚಲ ಸಂದಿಯಿಂದ ಉಣ್ಣಿ ಕೀಳುವಳು. ಆದರೆ ಹೊಸಕುತ್ತಿರಲಿಲ್ಲ, ಒಲೆಗೂ ಹಾಕುತ್ತಿರಲಿಲ್ಲ. ಉಣ್ಣಿಯ ಹೊಟ್ಟೆಯಲ್ಲಿರುವುದು ಆಕಳ ರಕ್ತ, ಅದನ್ನು ಸುಟ್ಟರೆ ಕೆಚ್ಚಲು ಬತ್ತುತ್ತದೆ ಎಂದು ನಮ್ಮ ಮನೆಯ ಹೆಂಗಸರು ನಂಬಿದ್ದರು. ಕರಟದಲ್ಲಿ ತುಂಬಿ, ಕೊಟ್ಟಿಗೆ ಗೋಡೆಯ ಹಿಂದಿನ ತಿಪ್ಪೆಗೆ ಸುರಿದು ಬರುವಳು.

“ಯವ್ವಾ, ನೀ ಉಣ್ಣಿ ಕೀಳಾಕತ್ತಿಲ್ಲ, ಬಿತ್ತಾಕತ್ತಿ” ಎಂದೆ.

“ಕಾಲೇಜಿನ್ಯಾಗ ಉಣ್ಣಿ ಬಾಣಂತನ ಕಲಸ್ತಾರೇನ?” ಎಂದು ನಕ್ಕಳು. “ರಕ್ತ ಸುಡಬಾರ್ದವಾ. ನಮ್ಮತ್ತಿ ಹೇಳ್ಯಾಳ.”

“ನಿಮ್ಮತ್ತಿ ಎಷ್ಟ ಆಕಳ ಉಳಿಸ್ಯಾಳ?”

“ಸುಮ್ಮ ಕುಂಡ್ರ, ಡಾಕ್ಟರ್‌ಬಾಯಿ.”

ಕೊನೆಗೆ ಒಪ್ಪಿದಳು. ಸುಡಲು ಅಲ್ಲ, ಡೀಸೆಲ್ ಹಾಕಿದ ಡಬ್ಬಿಗೆ ಹಾಕಲು. ನಾನು ಗೋಡೆಯ ಬಿರುಕುಗಳಿಗೆ ಸುಣ್ಣ ತುಂಬಿದೆ. ಕಲ್ಲು-ಮಣ್ಣಿನ ಗೋಡೆ, ಒಂದು ಸೀಳು ಮುಚ್ಚಿದರೆ ಪಕ್ಕದ ಸೀಳಿನಿಂದ ಉಣ್ಣಿಗಳು ಹರಿದು ಬರುತ್ತಿದ್ದವು.

ಕೊನೆಯ ಪರೀಕ್ಷೆಯ ಹೊತ್ತಿಗೆ ಆಕಳು ಮೇವು ಬಿಟ್ಟಿತು. ಕುತ್ತಿಗೆಯ ಬುಡದಲ್ಲಿ ಗಂಟು ಬಾತಿತ್ತು, ಒಸಡು ಬೆಳ್ಳಗಾಗಿತ್ತು. ದನದ ಡಾಕ್ಟರ್ ಬಂದು ನೋಡಿ, “ಉಣ್ಣಿ ಜ್ವರಾ ರೀ. ತಡಾ ಆಗೇತಿ” ಎಂದರು. ಇಂಜೆಕ್ಷನ್ ಮಾಡಿದರು. ಮರುದಿನ ಅದು ಏಳಲಿಲ್ಲ.

ಮಣ್ಣು ಮಾಡಲು ಬಂದ ದೊಡ್ಡಪ್ಪ ಸುಮ್ಮನಿರಲಿಲ್ಲ. “ಉಣ್ಣಿ ಓದಿದಾಕಿ ಮನ್ಯಾಗ ಉಣ್ಣಿ ಕಡದ ಆಕಳ ಸತ್ತೈತಿ ನೋಡ್ರಿ.” ರೋಗ ಹೇಗೆ ಬಂತು ಎಂದು ಹೇಳಬಲ್ಲೆ, ವಾಸಿ ಮಾಡಲಾರೆ. ಮುಂದೆ ಕೆಲಸ ಕೇಳಿ ಹೋದಲ್ಲೆಲ್ಲ ಬರೀ ಬಿ.ಎಸ್ಸಿ. ಸಾಲದು ಎಂದರು.

ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ನೇರ ಮನೆಗೆ ತಂದೆ. ಅವ್ವ ಖಾಲಿ ಗೋದಲಿಯ ಹತ್ತಿರ ಕಸ ಗುಡಿಸುತ್ತಿದ್ದಳು. ಗೋಡೆಯಲ್ಲಿ ಉಣ್ಣಿಗಳು ಇನ್ನೂ ಇದ್ದವು. ಹಸಿದುಕೊಂಡು ತಿಂಗಳುಗಟ್ಟಲೆ ಕಾಯಬಲ್ಲವು ಎಂದು ಅವಳಿಗೆ ನಾನೇ ಹೇಳಿದ್ದೆ. ಕೈ ಸೆರಗಿಗೆ ಒರೆಸಿಕೊಂಡಳು. ಪ್ರಮಾಣಪತ್ರ ಕೊಟ್ಟೆ. ಓದಲು ಬಾರದವಳು ಮುದ್ರೆಯ ಮೇಲೆ ಬೆರಳಾಡಿಸಿದಳು.

“ಭಾಳ ಛಲೋ ಆತವಾ” ಎಂದಳು. “ಒಳಗ ಇಡು. ಇಲ್ಲಿ ನಾ ಇನ್ನ ಆಕಳಾ ಕಟ್ಟಂಗಿಲ್ಲ.”